ಆರೋಗ್ಯವಂತರ ಪಟ್ಟಿ

ಬೇಡ ಅತ್ತಿಗೆ, ಏಳ್ಬೇಡಿ, ಬೆಡ್‌ಶೀಟ್ ನಾನೇ ಹಿಂಡ್ತೀನಿ. ಯಾಕೆ ನಗ್ತೀರಿ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಅಂತಾನಾ? ನಗಿ, ನಗಿ. ಮೂರು ವರ್ಷದಿಂದ ಮೈಕೈ ನೋವು ಅಂತ ನೀವು ನರಳೋದು, ಎಲ್ಲಾ ನಾಟಕ ಅಂತ ನಾನು ಅಣ್ಣನ ಕಿವಿಗೆ ಊದೋದು… ಊದಿದೀನಿ, ಇಲ್ಲ ಅನ್ನಲ್ಲ. ಬೆಳಿಗ್ಗೆ ಬಕೆಟ್ ಎತ್ತಲಾರದೆ ಬಚ್ಚಲಲ್ಲೇ ಕೂತುಬಿಟ್ರಲ್ಲ, ಆಗಿಂದ ನನಗೆ ಅನ್ನ ಇಳೀತಿಲ್ಲ.

ಹೋದ ವರ್ಷ ನಮ್ಮ ಲ್ಯಾಬಿಗೆ ಬಂದಿದ್ರಲ್ಲ? ಫೈಬ್ರೊಮಯಾಲ್ಜಿಯಾ ಅಂತ, ಮೈಯೆಲ್ಲ ನೋವು, ನಿದ್ದೆ ಇಲ್ಲ ಅನ್ನೋ ಹೆಂಗಸರ ಮೇಲೆ ಡಾಕ್ಟರಮ್ಮನ ಅಧ್ಯಯನ. ನಿಮ್ಮ ರಕ್ತ ತೆಗ್ದೆ, ಎಷ್ಟು ನೋವು ತಡ್ಕೊಳ್ತೀರಿ ಅಂತ ಅಳೆಯೋ ಮಷೀನನ್ನ ಹೆಬ್ಬೆರಳ ಉಗುರಿನ ಮೇಲೆ ಒತ್ತಿದೆ, ನಿದ್ದೆ ಅಳೆಯೋ ಪಟ್ಟಿ ಒಂದು ವಾರ ಕೈಗೆ ಕಟ್ಟಿದೆ. ಕಾಯಿಲೆಯವರ ಗುಂಪಿಗೆ ಸೇರಿಸಿದೆ ಅಂದ್ಕೊಂಡಿದ್ರಿ ಅಲ್ವಾ? ಇಲ್ಲ ಅತ್ತಿಗೆ. ಹೋಲಿಸಿ ನೋಡೋಕೆ ಏನೂ ಕಾಯಿಲೆ ಇಲ್ಲದವರೂ ಬೇಕು. ಒಬ್ಬರು ಕಮ್ಮಿ ಇದ್ರು. ಇವರಿಗೇನು, ಗುಂಡುಕಲ್ಲಿನ ಹಾಗಿದಾರೆ ಅಂತ ನಿಮ್ಮನ್ನ ಹಾಕಿದೆ. ಫಾರ್ಮ್ ನಾನೇ ತುಂಬಿದ್ದು. ನೋವಿದೆಯಾ, ಇಲ್ಲ. ನಿದ್ದೆ ಬರುತ್ತಾ, ಚೆನ್ನಾಗಿ.

ಹಾಗೆ ನೋಡ್ಬೇಡಿ. ಮಷೀನ್ ಒತ್ತುವಾಗ, ನೋವಾದ ತಕ್ಷಣ ಸಾಕು ಅನ್ನಿ ಅಂದಿದ್ದೆ. ಬೇರೆಯವರು ತಡ್ಕೊಳ್ಳೋದರ ಕಾಲು ಭಾಗಕ್ಕೇ ಸಾಕು ಅಂದ್ರಿ, ಕಣ್ಣಲ್ಲಿ ನೀರು. ಶುರುವಾಯ್ತಪ್ಪ ನಾಟಕ ಅಂದ್ಕೊಂಡೆ ನಾನು.

ಆಮೇಲೆ ಫಲಿತಾಂಶ ಬಂತು. ವಾರದಲ್ಲಿ ಒಂದು ರಾತ್ರೀನೂ ನೀವು ಸರಿಯಾಗಿ ಮಲಗಿಲ್ಲ. ರಕ್ತದಲ್ಲೂ ಏನೇನೋ ಹೆಚ್ಚು. ಆರೋಗ್ಯವಂತರ ಪಟ್ಟೀಲಿ ಇವರು ಹೇಗೆ ಬಂದ್ರು ಅಂತ ಡಾಕ್ಟರಮ್ಮ ಕೇಳಿದ್ರು. ಕೆಲಸ ಹೋಗುತ್ತೆ ಅಂತ ಹೆದರಿ, ಮಷೀನ್ ಸರಿ ಇರ್ಲಿಲ್ಲ ಅಂದ್ಬಿಟ್ಟೆ. ಅವರು ನಿಮ್ಮ ಹಾಳೆ ಬದಿಗಿಟ್ರು. ಅಷ್ಟೇ ಆಗಿದ್ದು ಅತ್ತಿಗೆ, ಅಷ್ಟೇ. ಅಣ್ಣ ಕೇಳ್ದಾಗ ಎಲ್ಲಾ ನಾರ್ಮಲ್ ಅಂದೆ. ಅವತ್ತು ಅವನು ನಿಮಗೆ ಏನೇನಂದ ಅಂತ ಗೋಡೆ ಆಚೆ ನನಗೂ ಕೇಳಿಸ್ತು. ಆಮೇಲೆ ನೀವು ಯಾವ ಡಾಕ್ಟರ ಹತ್ರಾನೂ ಹೋಗ್ಲಿಲ್ಲ.

ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಹೂಂ ಅನ್ನಿ… ಬೈರಿ ಬೇಕಾದ್ರೆ. ಕೆನ್ನೆಗೆ ಎರಡು ಬಿಡಿ.

ಬೆಡ್‌ಶೀಟಿನ ಆ ತುದಿ ಯಾಕೆ ಹಿಡ್ಕೊಂಡ್ರಿ? ನಾನೇ ಹಿಂಡ್ತೀನಿ ಅಂದ್ನಲ್ಲ.

…ಇಲ್ಲ. ಅಷ್ಟೇ ಅಲ್ಲ. ಡಾಕ್ಟರಮ್ಮ ಹಾಳೆ ಬದಿಗಿಡಲಿಲ್ಲ. ಮಷೀನ್ ಕೆಟ್ಟಿದ್ರೆ ಕೆಟ್ಟಿರ್ಲಿ, ಈ ಹೆಂಗಸನ್ನ ನಾಳೇನೇ ಕರೆಸು, ಪಾಪ ಎಷ್ಟು ಅನುಭವಿಸ್ತಿದಾಳೋ, ಔಷಧಿ ಶುರು ಮಾಡೋಣ ಅಂದ್ರು. ನೀವು ನನ್ನ ಅತ್ತಿಗೆ ಅಂತ ಡಾಕ್ಟರಮ್ಮನಿಗೆ ಗೊತ್ತಿರ್ಲಿಲ್ಲ. ಆ ಹೆಂಗಸು ಊರು ಬಿಟ್ಟು ಹೋದ್ರು, ಎಲ್ಲಿದಾರೋ ಗೊತ್ತಿಲ್ಲ ಅಂದೆ.

ಅವತ್ತು ಸಂಜೆ ಬಾಗಿಲು ತೆಗೆದಿದ್ದು ನೀವೇ. ನನ್ನ ಕೈಯಿಂದ ಊಟದ ಡಬ್ಬಿ ಇಸ್ಕೊಂಡು ತೊಳೆಯೋಕೆ ಹೋದ್ರಿ.