ಮಾತ್ರೆ ಕೊಡದವನಿಗೆ ಅವರೆಕಾಯಿ

ಚನ್ನಪಟ್ಟಣದ ಮೆಡಿಕಲ್ ಸ್ಟೋರಿನಲ್ಲಿ ಅಂತೂ ನನ್ನ ಸರದಿ ಬಂದಿತ್ತು. ಅಷ್ಟರಲ್ಲಿ ಹೊಂಗನೂರು ಬಸ್ಸಿಳಿದು ಬಂದ ಹೆಂಗಸೊಬ್ಬರು ನನ್ನನ್ನು ಪಕ್ಕಕ್ಕೆ ಸರಿಸಿ, ಒಂದು ಚೀಲ ಅವರೆಕಾಯಿಯನ್ನು ಅಂಗಡಿಯವನ ಮುಂದಿಟ್ಟರು.

“ತಕಳಪ್ಪ, ನಮ್ ಹೊಲದ್ದು.”

“ನಂಗ್ಯಾಕಮ್ಮ?”

“ನನ್ ಮಗ ಅಮಲಿಗೆ ಅಂತ ನೋವಿನ್ ಮಾತ್ರೆ ಕೇಳ್ದಾಗ ನೀನು ಕೊಡ್ನಿಲ್ಲ. ನಿನ್ ಗಾಜಿಗೆ ಕಲ್ಲು ಹೊಡ್ದಿದ್ದ. ಈಗ ಚಟ ಬುಟ್ಟವ್ನೆ, ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ತಾವ್ನೆ.”

“ನಾನೇನ್ ದೊಡ್ಡ ಮನ್ಷ ಅಲ್ಲಮ್ಮ. ಡಾಕ್ಟ್ರ ಚೀಟಿ ಇಲ್ದೆ ಅದನ್ನ ಮಾರಿದ್ರೆ ಜೈಲು. ಕಾನೂನಿಗೆ ಹೆದ್ರಿ ಕೊಡ್ಲಿಲ್ಲ, ಅಷ್ಟೆ.”

“ಆ ಕಾನೂನು ಮಾಡ್ದೋರ ಹೊಟ್ಟೆ ತಣ್ಣಗಿರ್ಲಿ.”

ಅವರು ಮೆಟ್ಟಿಲಿಳಿದು, ತಿರುಗಿ ನೋಡಿದರು.

“ಅವ್ನು ಅವರಪ್ಪಂಗೂ ಹೆದರ್ನಿಲ್ಲ, ನಂಗೂ ಹೆದರ್ನಿಲ್ಲ. ನೀನಾದ್ರೂ ಹೆದರ್ಕಂಡೆಯಲ್ಲಪ್ಪ.”