ಪೈಲ್ವಾನನ ಊಟ

ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಶ್ರೀಮಂತ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದೇನು? ಹೊಟ್ಟೆ! ನಗಬೇಡಿ, ಮುಂದಿನ ಸಾಲಿನವರು ಶಲ್ಯ ಎಳೆದುಕೊಂಡದ್ದನ್ನೂ ನಾನು ನೋಡಿದೆ. ಆದರೆ ಈತ ಹರೆಯದಲ್ಲಿ ಹಾಗಿರಲಿಲ್ಲ. ಪೈಲ್ವಾನನಾಗಿದ್ದ.

ಆಗಿನ ಕಾಲ ಹೇಗಿತ್ತು ಗೊತ್ತೇನು? ಓಣಿಗೊಂದು ಗರಡಿ ಮನೆ. ಕೋಳಿ ಕೂಗುವ ಹೊತ್ತಿಗೆ ಹುಡುಗರು ಲಂಗೋಟಿ ಬಿಗಿದು ಹಾಜರು. ಮೊದಲು ಬಂದವನು ಸನಿಕೆ ಹಿಡಿದು ಅಖಾಡದ ಕೆಮ್ಮಣ್ಣನ್ನು ಸಡಿಲಿಸಬೇಕು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ ಕಲಸಿರುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಕಿಟಕಿಯಲ್ಲಿ ಇಣುಕಿದವನೇ. ಆ ವಾಸನೆ ನೆನೆದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ನಮ್ಮ ಶ್ರೀಮಂತ ಅಲ್ಲಿ ದಿನಕ್ಕೆ ಐನೂರು ಬೈಠಕ್, ಅಂದರೆ ಬಸ್ಕಿ, ಹೊಡೆಯುತ್ತಿದ್ದ. ಮನೆಗೆ ಬಂದರೆ ಎರಡು ಸೇರು ಹಾಲು, ಹಿಡಿ ಬಾದಾಮಿ, ತುಪ್ಪ ಸವರಿದ ಹತ್ತು ರೊಟ್ಟಿ. ಕುಸ್ತಿ ಕಲಿಸಿದ ಉಸ್ತಾದರೇ ಹೇಳಿಕೊಟ್ಟ ಊಟ ಅದು. ಉಂಡದ್ದೆಲ್ಲ ಬೆವರಾಗಿ ಮಣ್ಣಿಗೆ ಇಳಿಯುತ್ತಿತ್ತು.

ಮದುವೆಯಾಯಿತು, ಅಂಗಡಿ ಬಂತು, ಕೂರಲು ಗಾದಿ ಬಂತು. ಗರಡಿ ಬಿಟ್ಟುಹೋಯಿತು. ಆದರೆ ನೋಡಿ, ಊಟ ಬಿಡಲಿಲ್ಲ! ಹೆಂಡತಿ ಒಂದು ರೊಟ್ಟಿ ಕಡಿಮೆ ಹಾಕಿದರೆ ತಾಟು ಸರಿಸುತ್ತಿದ್ದ. "ಪೈಲ್ವಾನನ ಮನಿ ಇದು, ಗುಬ್ಬಿ ಗೂಡಲ್ಲ" ಅನ್ನುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು. ಸಕ್ಕರೆ ಕಾಯಿಲೆ ಬಂತು, ಬಿ.ಪಿ. ಬಂತು, ಕೊನೆಗೊಂದು ಮಧ್ಯಾಹ್ನ ಉಣ್ಣುತ್ತ ಕೂತವನು ಎದೆ ಹಿಡಿದುಕೊಂಡ. ಡಾಕ್ಟರರು ಉಳಿಸಿ ಕಳಿಸಿದರು. "ಹಿಂಗ ಉಂಡು ಹಿಂಗ ಕುಂತ್ರ, ಮುಂದಿನ ಸಲ ನನ್ನ ಕೈಯಾಗಿಲ್ಲ" ಅಂದರು.

ಸುದ್ದಿ ಕೇಳಿ ಉಸ್ತಾದರು ನೋಡಲು ಬಂದರು. ಎಂಬತ್ತು ದಾಟಿದ ಜೀವ, ಎರಡು ಮೈಲಿ ನಡೆದೇ ಬಂದಿದ್ದರು. ಗುರು ಬಾಗಿಲಿಗೆ ಬಂದರೆ ಶಿಷ್ಯ ಏನು ಮಾಡಬೇಕು? ಪಾದ ಮುಟ್ಟಬೇಕು. ಎದ್ದ, ಬಾಗಿದ. ಕೈ ಮೊಣಕಾಲಿನ ತನಕ ಹೋಗಿ ನಿಂತಿತು. ಮತ್ತೆ ಬಾಗಿದ. ಏದುಸಿರು ಬಂತು, ಹೆಗಲ ಮೇಲಿನ ಟವಲು ಜಾರಿ ಬಿತ್ತು. ಅದನ್ನು ಬಗ್ಗಿ ಎತ್ತಿಕೊಟ್ಟವರು ಯಾರು? ಎಂಬತ್ತು ದಾಟಿದ ಉಸ್ತಾದರು!

ಶ್ರೀಮಂತ ಅತ್ತುಬಿಟ್ಟ. "ನೀವು ಹೇಳಿದ ಊಟ ಒಂದ್ ದಿನಾನೂ ತಪ್ಪಿಸಿಲ್ರಿ. ಆದ್ರೂ ಹಿಂಗ್ಯಾಕಾತ್ರಿ, ಉಸ್ತಾದ್ರ?"

"ಊಟ ತಪ್ಪಿಸಿಲ್ಲ, ಖರೆ. ಬೈಠಕ್?"

ಶ್ರೀಮಂತ ತಲೆ ತಗ್ಗಿಸಿ ತನ್ನ ಹೊಟ್ಟೆ ನೋಡಿಕೊಂಡ.

"ಲೇ ಹುಚ್ಚಾ, ಆ ಊಟ ನಿನಗ ಹೇಳಿದ್ದಲ್ಲೋ, ನಿನ್ನ ಬೈಠಕ್ಕಿಗೆ ಹೇಳಿದ್ದು!"

ಬಾಗಿಲಲ್ಲಿ ನಿಂತ ಹೆಂಡತಿ, "ನನ್ನ ಕೈಯಾರೆ ನಾನ ಬಡಿಸಿದ್ನಲ್ಲೋ ಯಪ್ಪಾ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳಬ್ಯಾಡವ್ವಾ. ಇನ್ ಮ್ಯಾಲ ಎರಡ ರೊಟ್ಟಿ ಹಾಕು, ಪಲ್ಯ ಜಾಸ್ತಿ ಹಾಕು. ನೀ ಕೇಳು ಮಗನ, ಡಾಕ್ಟರು ಹೂಂ ಅಂದ ದಿನದಿಂದ ಗರಡಿಮಟ ನಡಕೋತ ಬಾ. ಅಖಾಡ ಕಲ್ಲಾಗೇತಿ, ಸಡ್ಲ ಮಾಡೋರ ಇಲ್ಲ."

ಹೋದ. ಮೊದಲ ದಿನ ದಾರಿಯಲ್ಲಿ ನಾಲ್ಕು ಕಟ್ಟೆಗಳ ಮೇಲೆ ಕೂತು ಹೋದ. ಆರು ತಿಂಗಳ ಮೇಲೆ, ಡಾಕ್ಟರರ ಒಪ್ಪಿಗೆ ಪಡೆದು, ಸನಿಕೆ ಹಿಡಿದ. ಮರುವರ್ಷದ ಗುರುಪೂರ್ಣಿಮೆಗೆ ಬಾಗಿದಾಗ ಅವನ ಬೆರಳು ಉಸ್ತಾದರ ಪಾದಕ್ಕೆ ತಾಗಿತು. ಆವತ್ತು ಅತ್ತವರು ಉಸ್ತಾದರು.

ಪೈಲ್ವಾನನ ಕಥೆ, ನಮಗೇನು ಅಂತ ಕೂತಿದ್ದೀರಾ? ನಿಮ್ಮಜ್ಜ ನೇಗಿಲು ಹಿಡಿದು ಎಂಟು ರೊಟ್ಟಿ ಉಂಡ. ನಿಮ್ಮಜ್ಜಿ ಬೀಸಿ, ಕುಟ್ಟಿ, ನೀರು ಹೊತ್ತು ಹೋಳಿಗೆ ತಿಂದಳು, ಅದೂ ಹಬ್ಬಕ್ಕೊಮ್ಮೆ. ಬೀಸುವಾಗ ಎಂಥ ಹಾಡು ಹಾಡುತ್ತಿದ್ದರು ಆ ತಾಯಂದಿರು! ನೇಗಿಲು ಹೋಯಿತು, ಬೀಸುಕಲ್ಲು ಹೋಯಿತು, ಹಾಡೂ ಹೋಯಿತು. ರೊಟ್ಟಿ ಮಾತ್ರ ಎಂಟೇ ಉಳಿಯಿತು. ಅಜ್ಜನ ಊಟ ಬೇಕು, ಅಜ್ಜನ ಬೆವರು ಬೇಡ. ಇದು ಯಾವ ನ್ಯಾಯ? ಹೊರಗೆ ನಿಲ್ಲಿಸಿದ ಬೈಕುಗಳನ್ನು ನೋಡಿದೆ. ಎದುರು ಓಣಿಯವರೂ ಬೈಕಿನಲ್ಲೇ ಬಂದಿದ್ದೀರಿ!

ನಾಳೆಯಿಂದ ನಸುಕಿಗೆ ಎದ್ದು ನಡೆಯಿರಿ. ಮಾಡಿದ ಕೆಲಸದಷ್ಟೇ ಉಣ್ಣಿ, ಹೊತ್ತು ಮುಳುಗುವ ಮೊದಲೇ ಉಣ್ಣಿ. ಕಿಸೆಯಲ್ಲಿರುವ ತಂಬಾಕಿನ ಚೀಟಿ ಇಲ್ಲೇ ಬಿಟ್ಟು ಹೋಗಿ. ವರ್ಷಕ್ಕೊಮ್ಮೆ ಡಾಕ್ಟರರ ಹತ್ತಿರ ಹೋಗಿ, ಎದೆ ಹಿಡಿದುಕೊಂಡ ಮೇಲಲ್ಲ. ಬೆಳಿಗ್ಗೆ ಎದ್ದು ನಿಮ್ಮ ತಾಯಿಯ ಪಾದ ಮುಟ್ಟಿ. ನಿಮ್ಮ ಆರೋಗ್ಯ ಎಲ್ಲಿಗೆ ಬಂದಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಈಗ ಪ್ರವಚನ ಮುಗಿಯಿತು, ಎಲ್ಲರೂ ನಮಸ್ಕಾರಕ್ಕೆ ಬರುತ್ತೀರಿ. ಬನ್ನಿ. ಯಾರ ಕೈ ಎಲ್ಲಿಯ ತನಕ ಬರುತ್ತದೆ ಅಂತ ನಾನು ಇಲ್ಲೇ ಕೂತು ನೋಡುತ್ತೇನೆ.