ಸೆಕೆಂಡಿನ ಐದರಲ್ಲೊಂದು ಪಾಲು

ಮಾನ್ಯ ಅಧ್ಯಕ್ಷರೇ, ನನಗೆ ಈ ಕೈಗಡಿಯಾರ ಉಡುಗೊರೆ ಕೊಟ್ಟ ಷೋರೂಂ ಮಾಲೀಕರೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ಕಾರ್ ರೇಸಿನ ಟೈಮ್‌ಕೀಪರ್ ಆಗಿದ್ದವನಿಗೆ ನಿವೃತ್ತಿಯ ದಿನ ಕ್ರೋನೋಗ್ರಾಫ್, ಅಂದರೆ ಓಟದ ಹೊತ್ತು ಅಳೆಯುವ ಗಡಿಯಾರ, ಕೊಡುವುದು ಸರಿಯೇ. ಆದರೆ ಅದರ ಬಗ್ಗೆ ನಲವತ್ತು ನಿಮಿಷ ಮಾತಾಡಬೇಕಿತ್ತೇ? ಮಾಲೀಕರು ಪರಂಪರೆ ಎಂಬ ಮಾತನ್ನು ಹನ್ನೊಂದು ಸಲ ಹೇಳಿದರು. ಪರಂಪರೆ ಎಂದರೇನು ಸ್ವಾಮಿ? ತೊಗಲಿನ ಪಟ್ಟಿಗೆ ಸಾಲಾಗಿ ತೂತು ಕೊರೆದದ್ದೇ? ಡಯಲ್ಲಿನ ಸುತ್ತ ಈ ಅಂಕಿಗಳು ಯಾಕಿವೆ ಎಂದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದು ಕಿಲೋಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ, ಮುಂದಿನ ಕಲ್ಲಿನ ಬಳಿ ಮತ್ತೆ ಒತ್ತಿದರೆ, ಮುಳ್ಳು ನಿಂತ ಕಡೆ ಕಾರಿನ ವೇಗ ಸಿಗುತ್ತದೆ. ಕೊಂಡವರಲ್ಲಿ ಮುಕ್ಕಾಲು ಮಂದಿ ಆ ಗುಂಡಿ ಒತ್ತಿಯೇ ಇಲ್ಲ. ಈಗಷ್ಟೇ ಒಬ್ಬರು, "ಸಾರ್, ಇದು ಅಲಾರಮ್ಮಾ?" ಎಂದು ಕೇಳಿದರು. ಹೌದು ಅಂದೆ. ವಾದ ಮಾಡಲು ತ್ರಾಣವಿಲ್ಲ.

ನನಗೂ ಇದರ ಮೋಹವಿದೆ, ಸುಳ್ಳು ಹೇಳಲಾರೆ. ಗುಂಡಿ ಒತ್ತುವಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ, ಆಮೇಲೆ ಟಕ್ಕೆಂದು ಮುಳ್ಳು ಹೊರಡುತ್ತದೆ. ನನ್ನ ಹಳೆಯ ಗಡಿಯಾರದಲ್ಲಿ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತಿತ್ತು. ಆ ಒಂದು ಹೆಜ್ಜೆಗಾಗಿ ಜನ ಪ್ರಾಣ ಪಣಕ್ಕಿಟ್ಟು ಓಡಿಸುತ್ತಿದ್ದರು.

ಸ್ವಾಗತ ಭಾಷಣದಲ್ಲಿ ಕಾರ್ಯದರ್ಶಿಗಳು ನಾನು ಒಮ್ಮೆಯೂ ತಪ್ಪಿಲ್ಲ ಎಂದರು. ಆಗಿನಿಂದ ಮೈ ಉರಿಯುತ್ತಿದೆ. ನೀವು ವಿಚಾರಿಸಿದಿರಾ?

ನನ್ನ ತಮ್ಮನೂ ರೇಸ್ ಓಡಿಸುತ್ತಿದ್ದ. ಅಗೋ, ಕೊನೆಯ ಸಾಲಿನಲ್ಲಿದ್ದಾನೆ. ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಜನರಿಗೆ ರಿವರ್ಸ್ ಹಾಕುವುದನ್ನು ಕಲಿಸುತ್ತಾನೆ. ಅವತ್ತು ಒಬ್ಬೊಬ್ಬರೇ ಓಡಿಸುವ ಪಂದ್ಯ. ಗೆದ್ದವನಿಗೆ ದೊಡ್ಡ ತಂಡದಲ್ಲಿ ಜಾಗ. ಕಾರಿನ ಮೂತಿ ಗೆರೆ ಮುಟ್ಟಿದ ಕೂಡಲೇ ಒತ್ತಬೇಕು, ಅದು ನಿಯಮ. ಬೆಳಿಗ್ಗೆಯೇ ಯಾರೋ ನಕ್ಕಿದ್ದರು: "ಅಣ್ಣನೇ ಗಡಿಯಾರ ಹಿಡ್ಕೊಂಡಿದ್ದಾನೆ, ತಮ್ಮನಿಗೇನು ಚಿಂತೆ?" ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ತಮ್ಮನ ಕಾರಿನ ಮೂತಿ ಗೆರೆ ದಾಟಿತು, ನಾನು ಒತ್ತಲಿಲ್ಲ. ಬಾಲವೂ ಪೂರ್ತಿ ದಾಟಿ ಹೋಗಲಿ ಎಂದು ಕಾದೆ, ಅಷ್ಟರಲ್ಲಿ ಮುಳ್ಳು ಎರಡು ಹೆಜ್ಜೆ ಇಟ್ಟಿತ್ತು. ಒಂದೇ ಒಂದು ಹೆಜ್ಜೆಯಲ್ಲಿ ಅವನು ಸೋತ. ನನ್ನ ಮರ್ಯಾದೆ ಉಳಿಯಿತು.

ದೂರು ಕೊಡು ಎಂದು ಅವನ ಮೆಕ್ಯಾನಿಕ್ ಕೂಗಾಡಿದ. ತಮ್ಮ ಹೆಲ್ಮೆಟ್ ತೆಗೆದು, "ಅಣ್ಣ ಒತ್ತಿದಾನೆ ಅಂದ್ಮೇಲೆ ಮುಗೀತು. ಅವನು ತಪ್ಪು ಮಾಡಲ್ಲ" ಅಂದ. ದೂರು ಕೊಟ್ಟಿದ್ದರೆ ಅವತ್ತೇ ಒಪ್ಪಿಕೊಳ್ಳುತ್ತಿದ್ದೆ, ಪುಣ್ಯಾತ್ಮ ಕೊಡಲಿಲ್ಲ. ಇಪ್ಪತ್ತಾರು ವರ್ಷದಿಂದ ಹೋದಲ್ಲೆಲ್ಲ ಅದೇ ಮಾತು ಹೇಳಿ ನನ್ನನ್ನು ಪರಿಚಯಿಸುತ್ತಾನೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಕಾರ್ಯದರ್ಶಿಗಳೇ, ನಿಮಗೆ ಹೇಳಿದವನೂ ಅವನೇ ಅಲ್ಲವೇ?

ಬೇಗ ಮುಗಿಸಿ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ. ಆ ಪಂದ್ಯದ ದಾಖಲೆಯಲ್ಲಿ ಎರಡನೆಯ ಹೆಸರನ್ನು ಮೇಲೆ ಬರೆಯಿರಿ. ನಾಳೆ ಬಂದು ಸಹಿ ಹಾಕುತ್ತೇನೆ.

ತಮ್ಮಾ, ಎದ್ದು ಹೋಗಬೇಡ, ಕೂತ್ಕೋ. ಅವತ್ತು ಗೆದ್ದಿದ್ದು ನೀನು. ನಾನು ನೋಡಿದ್ದೆ ಕಣೋ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ಮೊದಲು ಕೊನೆಯ ಸಾಲಿಗೆ, ಆಮೇಲೆ ಉಳಿದವರಿಗೆ, ನಮಸ್ಕಾರ.